ಓಡುತ್ತಾ ಓಡುತ್ತಾ ಆಫ್ ಆಗುವ ವ್ಯಾನು

ಎಂಜಿನ್ ಸೀಜ್ ಆದ ಗಾಡಿಗೆ ಮೆಕ್ಯಾನಿಕ್ ಹೆದರುವುದಿಲ್ಲ. ಗೇರ್‌ಬಾಕ್ಸ್ ಒಡೆದು ಬಂದರೂ ಹೆದರುವುದಿಲ್ಲ. ದೊಡ್ಡ ಕೆಲಸವಾದರೂ ಕಣ್ಣಿಗೆ ಕಾಣುವ ಕೆಲಸ ಅದು. ಅವನ ತಲೆ ತಿನ್ನುವ ದೂರು ಬೇರೆ: ‘ಅಣ್ಣಾ, ಗಾಡಿ ಓಡ್ತಾ ಓಡ್ತಾ ಆಫ್ ಆಗ್ತದೆ. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದ್ರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗ್ತದೆ.’ ಮೆಕ್ಯಾನಿಕ್ ಒಂದು ರೌಂಡ್ ಹೋಗಿ ಬರುತ್ತಾನೆ. ಗಾಡಿ ಚೆನ್ನಾಗಿಯೇ ಓಡುತ್ತದೆ. ಇನ್ನೇನು ಮಾಡುವುದು? ಅಂದಾಜಿನ ರಿಪೇರಿ ಶುರುವಾಗುತ್ತದೆ. ಮೊದಲು ಪ್ಲಗ್, ಆಮೇಲೆ ಪೆಟ್ರೋಲ್ ಫಿಲ್ಟರ್, ಮುಂದಿನ ವಾರ ಕಾಯಿಲ್, ತಿಂಗಳ ಕೊನೆಗೆ ಕಾರ್ಬೊರೇಟರ್ ಕಿಟ್. ಬಿಲ್ಲು ಬೆಳೆಯುತ್ತದೆ. ಗಾಡಿ ಮಾತ್ರ ಮತ್ತೆ ಸರ್ಕಲ್ಲಿನ ನಟ್ಟನಡುವೆ ನಿಲ್ಲುತ್ತದೆ, ಹಿಂದಿನಿಂದ ಹಾರ್ನ್ ಶುರುವಾಗುತ್ತದೆ.

ಬಂದು ಹೋಗುವ ದೋಷಕ್ಕೆ ಹೊಸ ಪಾರ್ಟು ಮದ್ದಲ್ಲ. ಎಂಜಿನ್ ನಿಂತ ಆ ಕ್ಷಣದಲ್ಲಿ ಅದಕ್ಕೆ ಏನು ಸಿಗಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಕು. ಪೆಟ್ರೋಲ್ ಎಂಜಿನ್ ಓಡಲು ಬೇಕಾದದ್ದು ಮೂರೇ: ಸರಿಯಾದ ಅಳತೆಯಲ್ಲಿ ಗಾಳಿ ಬೆರೆತ ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ, ಸಿಲಿಂಡರಿನಲ್ಲಿ ಕಂಪ್ರೆಷನ್. ಹತ್ತು ನಿಮಿಷದಲ್ಲಿ ತಾನೇ ಸರಿಹೋಗುವ ಗಾಡಿಯಲ್ಲಿ ಕಂಪ್ರೆಷನ್ ಮೇಲೆ ಅನುಮಾನ ಕಡಿಮೆ. ಉಳಿದದ್ದು ಎರಡು, ಪೆಟ್ರೋಲ್ ಮತ್ತು ಕರೆಂಟ್. ನಿಂತಾಗ ತಪ್ಪಿದ್ದು ಇವೆರಡರಲ್ಲಿ ಯಾವುದು ಎಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದ ಹಾಗೆ.

ಉದಾಹರಣೆಗೆ ನಮ್ಮ ರಸ್ತೆಗಳ ಹಳೆಯ ಸಂಗಾತಿ ಮಾರುತಿ ಓಮ್ನಿಯನ್ನೇ ತೆಗೆದುಕೊಳ್ಳೋಣ. 1984ರಲ್ಲಿ ‘ಮಾರುತಿ ವ್ಯಾನ್’ ಎಂಬ ಹೆಸರಿನಲ್ಲಿ ರಸ್ತೆಗಿಳಿದದ್ದು 1988ರಲ್ಲಿ ಓಮ್ನಿ ಆಯಿತು. 2019ರಲ್ಲಿ ತಯಾರಿಕೆ ನಿಂತಿತು. ಮಾರುತಿ 800ರದ್ದೇ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್. ಮೊದಲಿನವಕ್ಕೆ ಕಾರ್ಬೊರೇಟರ್, ನಂತರದವಕ್ಕೆ ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ. ಕೆಲವು ಕಂಪನಿಯಿಂದಲೇ ಎಲ್‌ಪಿಜಿ ಸಮೇತ ಬಂದವು, ಇನ್ನೂ ಹಲವಕ್ಕೆ ಹೊರಗೆ ಗ್ಯಾಸ್ ಕಿಟ್ ಹಾಕಿಸಲಾಯಿತು. ಸ್ಕೂಲ್ ವ್ಯಾನ್, ಆಂಬುಲೆನ್ಸ್, ತರಕಾರಿ ಗಾಡಿ, ಕರಾವಳಿಯ ಸ್ಟ್ಯಾಂಡುಗಳಲ್ಲಿ ಬಾಡಿಗೆ ಗಾಡಿ, ಹೀಗೆ ಅದು ಮಾಡದ ಕೆಲಸವಿಲ್ಲ. ತಯಾರಿಕೆ ನಿಂತರೂ ಓಡಾಟ ನಿಂತಿಲ್ಲ. ಇಪ್ಪತ್ತು ವರ್ಷ ದಾಟಿದ ಗಾಡಿಗಳು ಇಂದಿಗೂ ಮಾಲೀಕರ ಮನೆ ನಡೆಸುತ್ತಿವೆ.

ಓಮ್ನಿಯ ಎಂಜಿನ್ ಕೂತಿರುವ ಜಾಗವನ್ನು ನೆನಪಿನಲ್ಲಿಡಬೇಕು. ಅದು ಮುಂದಿನ ಸೀಟುಗಳ ಅಡಿಯಲ್ಲಿದೆ. ಬಾನೆಟ್ ಇರುವ ಕಾರಿನಲ್ಲಿ ಎದುರುಗಾಳಿ ಎಂಜಿನ್ನಿಗೆ ಬಡಿಯುತ್ತದೆ. ಇಲ್ಲಿ ಬಿಸಿ ಸೀಟಿನ ಕೆಳಗೇ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಚಕ್ರ ಎರಚುವ ಕೆಸರುನೀರು ಕೆಳಗಿನಿಂದ ನೇರ ಎಂಜಿನ್ನಿಗೇ ಬರುತ್ತದೆ. ಬಿಸಿ, ನೀರು, ಧೂಳು, ಅದುರುವಿಕೆ ನಾಲ್ಕೂ ಒಂದೆಡೆ ಸೇರಿದ ಮೇಲೆ ಹಳೆಯ ವೈರು, ಹಳೆಯ ರಬ್ಬರ್ ಪೈಪು ಎಷ್ಟು ಕಾಲ ತಾಳಿಯಾವು?

ಹೇಗೆ ನಿಂತಿತು?

ಡ್ರೈವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಚಾವಿ ತಿರುಗಿಸಿದ ಹಾಗೆ ಫಕ್ಕನೆ ನಿಂತಿತೇ, ಅಥವಾ ಎಳೆದಾಡಿ ನಿಂತಿತೇ?

ಯಾವ ಸೂಚನೆಯೂ ಇಲ್ಲದೆ, ಒಂದೂ ಮಿಸ್ಸಿಂಗ್ ಹೊಡೆಯದೆ ಎಂಜಿನ್ ಸತ್ತರೆ ಕೈ ಮೊದಲು ಕರೆಂಟಿನ ಕಡೆಗೆ ಹೋಗಬೇಕು. ಕಾರ್ಬೊರೇಟರಿನ ತೊಟ್ಟಿಯಲ್ಲಿ ಸ್ವಲ್ಪ ಪೆಟ್ರೋಲ್ ಯಾವಾಗಲೂ ಇರುತ್ತದೆ. ಪಂಪು ಕೈಕೊಟ್ಟರೂ ಅಷ್ಟು ಪೆಟ್ರೋಲ್ ಮುಗಿಯುವವರೆಗೆ ಗಾಡಿ ಓಡುತ್ತದೆ. ಆದ್ದರಿಂದ ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಮೊದಲು ಪಿಕಪ್ ಕಳೆದುಕೊಳ್ಳುತ್ತದೆ, ಏರಿನಲ್ಲಿ ಮುಗ್ಗರಿಸುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಕುಂಟುತ್ತದೆ, ಆಮೇಲೆ ನಿಲ್ಲುತ್ತದೆ. ಇದು ಕಾರ್ಬೊರೇಟರ್ ಗಾಡಿಯಲ್ಲಿ ಬಹುತೇಕ ನಂಬಬಹುದಾದ ಗುರುತು. ಎಂಪಿಎಫ್‌ಐನಲ್ಲಿ ಅಷ್ಟು ಖಚಿತವಲ್ಲ, ಏಕೆಂದರೆ ಅಲ್ಲಿ ಪಂಪೂ ಕರೆಂಟಿನಲ್ಲೇ ಓಡುವುದು. ಪಂಪಿನ ರಿಲೇ ಸತ್ತರೆ ಕೆಲವೇ ಕ್ಷಣಗಳಲ್ಲಿ ಎಂಜಿನ್ ಬಂದ್.

ಇನ್ನೊಂದನ್ನೂ ಗಮನಿಸಿ. ಎಂಜಿನ್ ನಿಂತಾಗ ಮೀಟರ್ ಬೋರ್ಡಿನಲ್ಲಿ ಬ್ಯಾಟರಿಯ ಮತ್ತು ಆಯಿಲ್‌ನ ಕೆಂಪು ದೀಪಗಳು ಉರಿಯಬೇಕು. ಗಾಡಿ ನಿಂತರೂ ಆ ದೀಪಗಳು ಹತ್ತದೇ ಇದ್ದರೆ, ಅಥವಾ ಎಲ್ಲ ದೀಪಗಳೂ ಒಟ್ಟಿಗೆ ಆರಿದರೆ, ದೋಷ ಎಂಜಿನ್ನಿನವರೆಗೆ ಹೋಗಿಲ್ಲ. ಅದು ಚಾವಿ ಸ್ವಿಚ್‌ನಲ್ಲಿದೆ, ಫ್ಯೂಸಿನಲ್ಲಿದೆ, ಇಲ್ಲವೇ ಬ್ಯಾಟರಿ ಟರ್ಮಿನಲ್‌ನಲ್ಲಿದೆ. ಹಳೆಯ ಗಾಡಿಯಲ್ಲಿ ಚಾವಿಗೆ ನೇತುಹಾಕಿದ ದೊಡ್ಡ ಗೊಂಚಲು ಹೊಂಡ ಬಂದಾಗಲೆಲ್ಲ ಕುಣಿದು ಸ್ವಿಚ್ ಸವೆಸಿರುತ್ತದೆ. ಗೊಂಚಲನ್ನು ಕೈಯಲ್ಲಿ ಅಲ್ಲಾಡಿಸಿದಾಗ ದೀಪ ಮಿಣುಕಿದರೆ ಉತ್ತರ ಅಲ್ಲೇ ಇದೆ.

ಯಾವಾಗ ನಿಂತಿತು?

ಎರಡನೆಯ ಪ್ರಶ್ನೆಗೆ ಡ್ರೈವರ್ ಬಳಿ ಉತ್ತರ ಇದ್ದೇ ಇರುತ್ತದೆ. ಯಾರೂ ಕೇಳಿರುವುದಿಲ್ಲ ಅಷ್ಟೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ಪ್ರತಿ ಸಲ ನಿಂತಾಗಲೂ ನಾಲ್ಕು ಸಂಗತಿ ಬರೆದಿಡಿ: ಎಂಜಿನ್ ತಣ್ಣಗಿತ್ತೇ ಬಿಸಿಯಾಗಿತ್ತೇ, ಗಾಡಿ ಓಡುತ್ತಿತ್ತೇ ಸಿಗ್ನಲ್ಲಿನಲ್ಲಿ ನಿಂತಿತ್ತೇ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಯಿತು. ಹತ್ತು ಸಾಲು ತುಂಬುವುದರೊಳಗೆ ದೋಷ ತನ್ನ ಜಾಡು ಬಿಟ್ಟುಕೊಡುತ್ತದೆ.

ಬೆಳಗ್ಗೆ ತಣ್ಣಗಿರುವಾಗ ಮಾತ್ರ ನಿಲ್ಲುವುದಾದರೆ ಚೋಕ್ ನೋಡಬೇಕು. ಬಿಸಿಯಾದ ಮೇಲೆ ಮಾತ್ರ ನಿಂತು, ತಣಿದ ಮೇಲೆ ಸ್ಟಾರ್ಟ್ ಆದರೆ ಕಾಯಿಲ್, ಇಗ್ನಿಷನ್ ಮಾಡ್ಯೂಲ್, ಸೆನ್ಸರ್ ಅಥವಾ ಪೆಟ್ರೋಲ್ ಲೈನಿನಲ್ಲಿ ಆವಿ ತುಂಬುವುದು ಕಾರಣ. ಟ್ಯಾಪೆಟ್ ತೀರಾ ಟೈಟ್ ಇದ್ದರೂ ಬಿಸಿಗೆ ವಾಲ್ವ್ ಪೂರ್ತಿ ಮುಚ್ಚದೆ ಐಡ್ಲಿಂಗ್‌ನಲ್ಲಿ ಎಂಜಿನ್ ನಿಲ್ಲುತ್ತದೆ. ಹೊಂಡ, ಹಂಪ್ ದಾಟುವಾಗ ನಿಂತರೆ ಸಡಿಲ ವೈರು ಅಥವಾ ಅರ್ಥ್. ಮಳೆಯಲ್ಲಿ ಮಾತ್ರವಾದರೆ ಡೆಲ್ಕೋ (ಕಿಡಿಯ ಕರೆಂಟನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್) ಕ್ಯಾಪ್ ಮತ್ತು ಪ್ಲಗ್ ವೈರು. ಹೈವೇಯಲ್ಲಿ ಒಂದೇ ಸಮ ಓಡಿದ ಮೇಲೆ ಮುಗ್ಗರಿಸಿದರೆ ಫಿಲ್ಟರ್ ಅಥವಾ ಟ್ಯಾಂಕಿನ ಮುಚ್ಚಳ. ಆಕ್ಸಿಲರೇಟರ್ ಬಿಟ್ಟ ಕೂಡಲೇ ನಿಂತರೆ ಐಡಲ್ ಜೆಟ್ ಅಥವಾ ಸೊಲೆನಾಯ್ಡ್.

ಬ್ರೇಕ್ ಒತ್ತಿದಾಗ ಮಾತ್ರ ಎಂಜಿನ್ ನಿಲ್ಲುತ್ತದೆ ಎಂದು ಹೇಳುವವರೂ ಇದ್ದಾರೆ. ಕೇಳಿದವರು ನಗಬಾರದು. ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ನಿನ ವ್ಯಾಕ್ಯೂಮ್‌ನಿಂದ. ಅದರೊಳಗಿನ ಡಯಾಫ್ರಾಮ್ ಹರಿದಿದ್ದರೆ ಪೆಡಲ್ ಒತ್ತಿದ ಕೂಡಲೇ ಅಳತೆ ಮೀರಿದ ಗಾಳಿ ಎಂಜಿನ್ನಿಗೆ ನುಗ್ಗುತ್ತದೆ, ಮಿಶ್ರಣ ತೆಳುವಾಗಿ ಎಂಜಿನ್ ಸಾಯುತ್ತದೆ. ಇದನ್ನು ಕಾರ್ಬೊರೇಟರ್ ತೊಂದರೆ ಎಂದುಕೊಂಡು ಟ್ಯೂನಿಂಗ್ ಮಾಡಿಸುತ್ತಾ ಕೂತರೆ ಒಂದು ದಿನ ಬ್ರೇಕೇ ಕಲ್ಲಿನಂತೆ ಗಟ್ಟಿಯಾಗುತ್ತದೆ.

ರಸ್ತೆ ಬದಿಯ ಐದು ನಿಮಿಷ

ಗಾಡಿ ನಿಂತಿದೆ. ಪಕ್ಕಕ್ಕೆ ತಂದು, ನಾಲ್ಕೂ ಇಂಡಿಕೇಟರ್ ಹಾಕಿದ್ದೀರಿ. ಎಲ್ಲರೂ ಮಾಡುವ ಕೆಲಸ ಸೆಲ್ಫ್ ಹೊಡೆಯುತ್ತಲೇ ಇರುವುದು. ಅದರಿಂದ ಬ್ಯಾಟರಿ ಇಳಿಯುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಸಾಕ್ಷಿ ಅಳಿಸಿಹೋಗುತ್ತದೆ. ಗಾಡಿ ತಾನಾಗಿ ಸ್ಟಾರ್ಟ್ ಆಗುವ ಮೊದಲಿನ ಐದು ನಿಮಿಷವೇ ಪರೀಕ್ಷೆಗೆ ಒಳ್ಳೆಯ ಹೊತ್ತು.

ಮೊದಲು ಕಿಡಿ. ಒಂದು ಹಳೆಯ, ಚೆನ್ನಾಗಿರುವ ಪ್ಲಗ್ಗನ್ನು ಗಾಡಿಯಲ್ಲೇ ಇಟ್ಟುಕೊಂಡಿರಿ. ಒಂದು ಪ್ಲಗ್ ವೈರನ್ನು ಎಂಜಿನ್ನಿನಿಂದ ಬಿಡಿಸಿ ಈ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಬಿಗಿಯಾಗಿ ತಾಗುವಂತೆ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಚಟಚಟ ಸದ್ದಿನ ನೀಲಿ ಕಿಡಿ ಬಂದರೆ ಕರೆಂಟ್ ಸರಿಯಿದೆ. ಕೆಂಪಗೆ ಬಡಕಲಾಗಿ ಬಂದರೆ ಅಥವಾ ಬರದೇ ಇದ್ದರೆ ಪೆಟ್ರೋಲ್ ಪೈಪು ಬಿಚ್ಚುವ ಅಗತ್ಯವೇ ಇಲ್ಲ. ಎಚ್ಚರಿಕೆ: ಆ ವೈರಿನಲ್ಲಿ 20,000 ವೋಲ್ಟ್ ದಾಟುವ ಕರೆಂಟ್ ಹರಿಯುತ್ತದೆ, ಬರಿಗೈಯಲ್ಲಿ ಹಿಡಿಯಬೇಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಪರೀಕ್ಷೆಯನ್ನೇ ಮಾಡಬೇಡಿ. ವೈರನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯುವುದೂ ತಪ್ಪು, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಳಾಗುತ್ತದೆ.

ಆಮೇಲೆ ಪೆಟ್ರೋಲ್. ಕಾರ್ಬೊರೇಟರ್ ಗಾಡಿಯಾದರೆ ಏರ್ ಫಿಲ್ಟರಿನ ಕಡೆಯ ಪೈಪು ತೆಗೆದು, ಎಂಜಿನ್ ಬಂದ್ ಇರುವಾಗಲೇ ಕಾರ್ಬೊರೇಟರಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ಆಕ್ಸಿಲರೇಟರ್ ಕೇಬಲ್ ಎಳೆಯಿರಿ. ಒಳಗೆ ಸೂಜಿಯಷ್ಟು ಸಣ್ಣ ಪೆಟ್ರೋಲ್ ಧಾರೆ ಚಿಮ್ಮಬೇಕು. ಚಿಮ್ಮಿದರೆ ತೊಟ್ಟಿಯಲ್ಲಿ ಪೆಟ್ರೋಲ್ ಇದೆ. ಎಂಪಿಎಫ್‌ಐ ಗಾಡಿಯಾದರೆ ಚಾವಿಯನ್ನು ಆನ್‌ಗೆ ತಿರುಗಿಸಿ, ಸೆಲ್ಫ್ ಹೊಡೆಯದೆ, ಹಿಂದೆ ಟ್ಯಾಂಕಿನ ಕಡೆ ಕಿವಿ ಕೊಡಿ. ಎರಡು ಮೂರು ಸೆಕೆಂಡ್ ಪಂಪು ‘ಗುಂಯ್’ ಎಂದು ಓಡಿ ನಿಲ್ಲಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಪಂಪು ಮೂರನ್ನು ಆ ಕ್ರಮದಲ್ಲೇ ನೋಡಿ.

ಮೂರನೆಯದು ಟ್ಯಾಂಕಿನ ಮುಚ್ಚಳ. ನಿಂತ ಕೂಡಲೇ ಹೋಗಿ ನಿಧಾನವಾಗಿ ತಿರುಗಿಸಿ. ‘ಸುಯ್’ ಎಂದು ಗಾಳಿ ಒಳಗೆ ಎಳೆದುಕೊಂಡು, ತಕ್ಷಣ ಗಾಡಿ ಸ್ಟಾರ್ಟ್ ಆದರೆ ದೋಷ ಸಿಕ್ಕಿತು. ಎಳನೀರಿಗೆ ಒಂದೇ ತೂತು ಕೊರೆದು ಬಗ್ಗಿಸಿದರೆ ನೀರು ಸುರಿಯುವುದಿಲ್ಲ. ಟ್ಯಾಂಕಿನದೂ ಅದೇ ಕತೆ. ಪೆಟ್ರೋಲ್ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ಅದು ಬರುವ ಸಣ್ಣ ದಾರಿ ಧೂಳಿನಿಂದ ಮುಚ್ಚಿದರೆ ಅಥವಾ ಬೇರೆ ಗಾಡಿಯ ಮುಚ್ಚಳ ತಂದು ಹಾಕಿದ್ದರೆ, ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಈ ಪರೀಕ್ಷೆಗೆ ಖರ್ಚು ಒಂದು ಪೈಸೆಯೂ ಇಲ್ಲ.

ಪೆಟ್ರೋಲ್ ದಾರಿಯಲ್ಲಿ

ಹಳೆಯ ಕಬ್ಬಿಣದ ಟ್ಯಾಂಕಿನಲ್ಲಿ ತುಕ್ಕು ಇರುತ್ತದೆ. ಗಾಡಿ ಓಡುವಾಗ ಆ ಕಚರಾ ಪೆಟ್ರೋಲಿನ ಜೊತೆ ಎದ್ದು ಪೈಪಿನ ಬಾಯಿಗೆ ಬಂದು ಅಂಟುತ್ತದೆ, ಎಂಜಿನ್ ಹಸಿದು ನಿಲ್ಲುತ್ತದೆ. ಎಳೆತ ನಿಂತ ಮೇಲೆ ಕಚರಾ ಮತ್ತೆ ತಳಕ್ಕಿಳಿಯುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ. ಫಿಲ್ಟರ್ ಬದಲಿಸಿದರೆ ಒಂದು ವಾರ ಸರಿಯಿದ್ದು ಮತ್ತೆ ಅದೇ ಪಾಡು. ಫಿಲ್ಟರನ್ನು ಎಸೆಯುವ ಮೊದಲು ಪೆಟ್ರೋಲ್ ಒಳಗೆ ಬರುವ ಬದಿಯಿಂದ ಬಿಳಿ ಬಟ್ಟೆಯ ಮೇಲೆ ಕೊಡವಿ ನೋಡಿ. ಕಂದು ಪುಡಿ ಉದುರಿದರೆ ಟ್ಯಾಂಕ್ ಇಳಿಸಿ ತೊಳೆಯದೆ ಬೇರೆ ದಾರಿಯಿಲ್ಲ. ಕಾರ್ಬೊರೇಟರ್ ಗಾಡಿಗೆ ಒಳಗೆ ಕಾಣುವ ಪಾರದರ್ಶಕ ಫಿಲ್ಟರ್ ಹಾಕಿಸಿದರೆ ಮುಂದಿನ ಸಲ ನಿಂತಾಗ ಅದರಲ್ಲಿ ಪೆಟ್ರೋಲ್ ಇದೆಯೋ ಇಲ್ಲವೋ ಎಂದು ನೋಡಿದರಾಯಿತು.

ಕಾರ್ಬೊರೇಟರ್ ಗಾಡಿಯ ಪಂಪನ್ನು ಎಂಜಿನ್ನಿನ ಕ್ಯಾಮ್ ಒತ್ತಿ ಓಡಿಸುತ್ತದೆ. ಅದು ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಶಿರಾಡಿ ಘಾಟಿಯನ್ನೋ ಚಾರ್ಮಾಡಿ ಘಾಟಿಯನ್ನೋ ಎರಡನೇ ಗೇರಿನಲ್ಲಿ ಹತ್ತುವಾಗ ಸೀಟಿನಡಿಯ ಬಿಸಿಗೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗುತ್ತದೆ. ದ್ರವ ಎಳೆಯಬೇಕಾದ ಪಂಪು ಆವಿಯನ್ನು ಹಿಂಡುತ್ತಾ ಕೂರುತ್ತದೆ. ಗ್ಯಾರೇಜಿನಲ್ಲಿ ಇದನ್ನು ಏರ್ ಲಾಕ್ ಎನ್ನುತ್ತಾರೆ. ಪಂಪಿನ ಮೇಲೆ, ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿದಾಗ ಗಾಡಿ ಬೇಗ ಸ್ಟಾರ್ಟ್ ಆದರೆ ಅನುಮಾನ ಖಚಿತ. ಪೈಪು ಸೈಲೆನ್ಸರಿಗೆ ತಾಗಿದಂತೆ ಹಾದುಹೋಗಿದೆಯೇ, ಶಾಖ ತಡೆಯುವ ತಗಡನ್ನು ಯಾರೋ ಬಿಚ್ಚಿ ಎಸೆದಿದ್ದಾರೆಯೇ, ಎಂಜಿನ್ನೇ ಅತಿಯಾಗಿ ಬಿಸಿಯಾಗುತ್ತಿದೆಯೇ ಎಂದು ನೋಡಬೇಕು.

ಈಗಿನ ಪೆಟ್ರೋಲಿನ ವಿಷಯವನ್ನೂ ಇಲ್ಲಿ ಹೇಳಬೇಕು. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಬರಿ ಪೆಟ್ರೋಲಿಗೆಂದು ಟ್ಯೂನ್ ಮಾಡಿದ ಕಾರ್ಬೊರೇಟರಿನಲ್ಲಿ ಮಿಶ್ರಣ ತುಸು ತೆಳುವಾಗುತ್ತದೆ. ಎಂಪಿಎಫ್‌ಐ ಗಾಡಿಯ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ನೋಡಿ ಇದನ್ನು ಸರಿದೂಗಿಸಿಕೊಳ್ಳಬಲ್ಲದು, ಕಾರ್ಬೊರೇಟರಿಗೆ ಆ ಬುದ್ಧಿಯಿಲ್ಲ. ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಹಳೆಯ ರಬ್ಬರ್ ಪೈಪು, ವಾಷರುಗಳಿಗೂ ಅದು ಒಗ್ಗುವುದಿಲ್ಲ. ಹಾಗೆಂದು ನಿಂತ ಗಾಡಿಗಳಿಗೆಲ್ಲ ಎಥನಾಲೇ ಕಾರಣ ಎಂದು ಕೈತೊಳೆದುಕೊಳ್ಳುವುದು ಸೋಮಾರಿತನ. ಪೈಪುಗಳನ್ನು ಇ20ಕ್ಕೆ ತಾಳುವಂಥವುಗಳಿಗೆ ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಪೆಟ್ರೋಲ್ ಹಳಸಲು ಬಿಡದೆ, ಮಿಶ್ರಣ ಒಮ್ಮೆ ಸರಿಮಾಡಿಸಿದರೆ ಬಹುತೇಕ ಹಳೆಯ ಗಾಡಿಗಳು ಓಡುತ್ತವೆ.

ಇನ್ನು ಐಡಲ್ ಸೊಲೆನಾಯ್ಡ್. ಹಲವು ಕಾರ್ಬೊರೇಟರುಗಳ ಮೈಮೇಲೆ ವೈರು ಸಿಕ್ಕಿಸಿದ ಸಣ್ಣ ಉರುಟು ಭಾಗವೊಂದು ಇರುತ್ತದೆ. ಚಾವಿ ಆನ್ ಮಾಡಿದಾಗ ‘ಟಿಕ್’ ಎಂದು ತೆರೆದು ಐಡ್ಲಿಂಗಿಗೆ ಪೆಟ್ರೋಲ್ ಬಿಡುವುದು ಅದರ ಕೆಲಸ. ವೈರು ಸಡಿಲವಾದರೆ ಆಕ್ಸಿಲರೇಟರ್ ಒತ್ತಿರುವಷ್ಟು ಹೊತ್ತು ಗಾಡಿ ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಎಷ್ಟೋ ಕಾರ್ಬೊರೇಟರುಗಳು ಈ ಒಂದು ಸಡಿಲ ವೈರಿನ ದೆಸೆಯಿಂದ ಇಡಿಯಾಗಿ ಬಿಚ್ಚಿಸಿಕೊಂಡಿವೆ.

ಕರೆಂಟ್ ದಾರಿಯಲ್ಲಿ

ಕಣ್ಣಿಗೆ ಕಾಣದ ದೋಷಗಳು ಹೆಚ್ಚಾಗಿರುವುದು ಇಲ್ಲಿ. ಡೆಲ್ಕೋ ಕ್ಯಾಪ್ ತೆಗೆಯಿರಿ. ಒಳಗೆ ಪಾಯಿಂಟ್ ಇರಲಿ, ಎಲೆಕ್ಟ್ರಾನಿಕ್ ಪಿಕಪ್ ಕಾಯಿಲ್ ಇರಲಿ, ಅದು ಕೂತಿರುವ ತಟ್ಟೆ ಸ್ಥಿರವಲ್ಲ. ಡೆಲ್ಕೋ ಪಕ್ಕದ ವ್ಯಾಕ್ಯೂಮ್ ಡಬ್ಬಿ ಅದನ್ನು ಹಿಂದೆ ಮುಂದೆ ಎಳೆಯುತ್ತಿರುತ್ತದೆ. ತಟ್ಟೆಯಿಂದ ಹೊರಗೆ ಬರುವ ತೆಳ್ಳನೆಯ ವೈರು ಪ್ರತಿ ಸಲವೂ ಅದೇ ಜಾಗದಲ್ಲಿ ಬಾಗುತ್ತದೆ. ವರ್ಷಾನುಗಟ್ಟಲೆ ಹೀಗೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ತುಂಡಾಗುತ್ತವೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಹೊಸದರಂತೆಯೇ ಇರುತ್ತದೆ. ನಿಂತ ಗಾಡಿಯಲ್ಲಿ ತುದಿಗಳು ತಾಗಿಕೊಂಡಿರುವುದರಿಂದ ಎಂಜಿನ್ ಸ್ಟಾರ್ಟ್ ಆಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ತಟ್ಟೆ ಸರಿದು ತುದಿಗಳು ಬಿಡುತ್ತವೆ, ಗಾಡಿ ಫಕ್ಕನೆ ಬಂದ್. ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ತಾಮ್ರವಿರುವ ವೈರು ಹಿಗ್ಗುವುದಿಲ್ಲ. ಒಂದು ಕಡೆ ರಬ್ಬರಿನಂತೆ ಹಿಗ್ಗಿದರೆ ಒಳಗೆ ತುಂಡಾಗಿದೆ ಎಂದರ್ಥ. ಅನುಮಾನ ಉಳಿದರೆ ವ್ಯಾಕ್ಯೂಮ್ ಡಬ್ಬಿಗೆ ಒಂದು ಹೊಸ ಟ್ಯೂಬ್ ಸಿಕ್ಕಿಸಿ ಬಾಯಿಯಿಂದ ಎಳೆಯುತ್ತಾ, ತಟ್ಟೆ ಸರಿಯುವಾಗ ಮಲ್ಟಿಮೀಟರ್ ನೋಡಿ. ಮುಳ್ಳು ಜಿಗಿದರೆ ಅಲ್ಲಿಗೆ ತನಿಖೆ ಮುಗಿಯಿತು.

ಕಾಯಿಲ್‌ದು ಇನ್ನೊಂದು ಬಗೆ. ಒಳಗಿನ ಸುತ್ತುಗಳ ಇನ್ಸುಲೇಷನ್ ಹಳತಾದರೆ ತಣ್ಣಗಿರುವಾಗ ಚೆನ್ನಾಗಿ ಕಿಡಿ ಕೊಡುತ್ತದೆ, ಬಿಸಿಯಾದ ಮೇಲೆ ಕೈಕೊಡುತ್ತದೆ. ಗ್ಯಾರೇಜಿನಲ್ಲಿ ತಣಿದ ಕಾಯಿಲ್ಲಿಗೆ ಮೀಟರ್ ಇಟ್ಟು ‘ಸರಿಯಿದೆ’ ಎನ್ನುವುದರಲ್ಲಿ ಅರ್ಥವಿಲ್ಲ; ಗಾಡಿ ನಿಂತ ಜಾಗದಲ್ಲಿ, ಬಿಸಿಯಿರುವಾಗ ನೋಡಬೇಕು. ಮಳೆಗಾಲದ ದೋಷಕ್ಕೆ ಕತ್ತಲೆ ಬೇಕು. ರಾತ್ರಿ ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರು ಮತ್ತು ಡೆಲ್ಕೋ ಕ್ಯಾಪಿನ ಮೇಲೆ ಸ್ಪ್ರೇ ಬಾಟಲಿಯಿಂದ ಮಂಜಿನ ಹಾಗೆ ನೀರು ಹೊಡೆಯಿರಿ, ಕೈ ದೂರವಿರಲಿ. ಕರೆಂಟ್ ಸೋರುವ ಜಾಗದಲ್ಲಿ ನೀಲಿ ಗೆರೆ ಹರಿದಾಡುವುದು ಕಾಣುತ್ತದೆ.

ಅರ್ಥ್ ವೈರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಬಾಡಿಗೂ ಅದಕ್ಕೂ ಕರೆಂಟಿನ ಸಂಬಂಧ ಇರುವುದು ಒಂದು ಪಟ್ಟಿಯಿಂದ ಮಾತ್ರ. ಅದರ ಬೋಲ್ಟಿನಡಿ ತುಕ್ಕು ಹಿಡಿದರೆ ಇಡೀ ಗಾಡಿಯ ಕರೆಂಟ್ ತೂಗಾಡುತ್ತದೆ. ಮಲ್ಟಿಮೀಟರಿನ ಒಂದು ವೈರಿನ ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಮೈಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬೋಲ್ಟ್ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಬಿಗಿ ಮಾಡಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್ ಕಡೆ ನೋಡಿ.

ಗ್ಯಾರೇಜಿನಲ್ಲಿ ಎಷ್ಟು ಕಾದರೂ ನಿಲ್ಲದ ಗಾಡಿಗೆ ಹಳೆಯ ಮೇಸ್ತ್ರಿಗಳ ಉಪಾಯ ಒಂದಿದೆ. ಕಾಯಿಲ್‌ನ ಪ್ಲಸ್ ತುದಿಯಿಂದ ಫ್ಯೂಸ್ ಸಮೇತ ಒಂದು ವೈರು ಎಳೆದು 12 ವೋಲ್ಟಿನ ಸಣ್ಣ ಬಲ್ಬಿಗೆ ಕೊಟ್ಟು, ಬಲ್ಬನ್ನು ಡ್ರೈವರಿಗೆ ಕಾಣುವಂತೆ ಡ್ಯಾಶ್‌ಬೋರ್ಡಿಗೆ ಅಂಟಿಸುತ್ತಾರೆ. ಎಂಪಿಎಫ್‌ಐ ಆದರೆ ಪೆಟ್ರೋಲ್ ಪಂಪಿನ ವೈರಿನಿಂದ ಇನ್ನೊಂದು ಬಲ್ಬು. ಆಮೇಲೆ ಗಾಡಿಯನ್ನು ದಿನನಿತ್ಯದ ಕೆಲಸಕ್ಕೆ ಬಿಡುತ್ತಾರೆ. ನಿಂತ ಗಳಿಗೆಯಲ್ಲಿ ಕಾಯಿಲ್ ಬಲ್ಬು ಆರಿದ್ದರೆ ದೋಷ ಸ್ವಿಚ್, ಫ್ಯೂಸ್ ಅಥವಾ ಅಲ್ಲಿಂದ ಬರುವ ವೈರಿನದು. ಬಲ್ಬು ಉರಿಯುತ್ತಲೇ ಇದ್ದರೆ ಕಾಯಿಲ್ಲಿನಿಂದ ಆಚೆಗೆ ಹುಡುಕಬೇಕು. ಪಂಪಿನ ಬಲ್ಬು ಮಾತ್ರ ಆರಿದ್ದರೆ ರಿಲೇ ಅಥವಾ ಅದಕ್ಕೆ ಅಪ್ಪಣೆ ಕೊಡುವ ಕಂಪ್ಯೂಟರ್. ಅಂದಾಜಿನಲ್ಲಿ ತಿಂಗಳು ಕಳೆಯುವ ಕೆಲಸವನ್ನು ಈ ಬಲ್ಬುಗಳು ಒಂದೇ ನಿಲುಗಡೆಯಲ್ಲಿ ತೀರ್ಮಾನಿಸುತ್ತವೆ.

ಸ್ಕ್ಯಾನರ್ ಮತ್ತು ಗ್ಯಾಸ್

ಎಂಪಿಎಫ್‌ಐ ಗಾಡಿಗೆ ಸ್ಕ್ಯಾನರ್ ಹಾಕಿದರೆ ಎಲ್ಲ ಗೊತ್ತಾಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಕಂಪ್ಯೂಟರ್ ತನಗೆ ಕಂಡ ದೋಷವನ್ನು ಮಾತ್ರ ಬರೆದಿಡುತ್ತದೆ. ಟ್ಯಾಂಕಿನ ಮುಚ್ಚಳ ಕಟ್ಟಿಕೊಂಡದ್ದು, ಚಾವಿ ಸ್ವಿಚ್ ಸಡಿಲವಾದದ್ದು ಅದಕ್ಕೆ ಕಾಣುವುದಿಲ್ಲ. ಕ್ಯಾಮ್ ಅಥವಾ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಕೈಕೊಟ್ಟರೂ ಕೆಲವೊಮ್ಮೆ ಕೋಡ್ ಬೀಳುವುದಿಲ್ಲ, ಏಕೆಂದರೆ ಸೆನ್ಸರಿನ ಸಿಗ್ನಲ್ ನಿಂತದ್ದನ್ನು ಕಂಪ್ಯೂಟರ್ ಎಂಜಿನ್ ನಿಂತದ್ದೆಂದೇ ತಿಳಿಯುತ್ತದೆ. ನಿಂತ ಮೇಲೆ ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡಬೇಕು. ಎಂಜಿನ್ ತಿರುಗುತ್ತಿದ್ದರೂ ಅಲ್ಲಿ ಸೊನ್ನೆ ಇದ್ದರೆ ಆ ಸೆನ್ಸರ್ ಅಥವಾ ಅದರ ವೈರು ಮೊದಲ ಅನುಮಾನ. ಸಿಗ್ನಲ್ಲಿನಲ್ಲಿ ಮಾತ್ರ ಆಫ್ ಆಗುವ ಗಾಡಿಗೆ ಹೆಚ್ಚಾಗಿ ಬೇಕಾಗುವುದು ಥ್ರಾಟಲ್ ಬಾಡಿಯ ಮತ್ತು ಐಡಲ್ ವಾಲ್ವಿನ ಕಾರ್ಬನ್ ತೊಳೆಯುವುದು, ಹರಿದ ವ್ಯಾಕ್ಯೂಮ್ ಪೈಪು ಬದಲಿಸುವುದು.

ಗ್ಯಾಸ್ ಗಾಡಿಯವರಿಗೆ ಒಂದು ಸುಲಭ ಅನುಕೂಲವಿದೆ. ಗ್ಯಾಸಿನಲ್ಲಿ ನಿಲ್ಲುವ ಗಾಡಿಯನ್ನು ಪೆಟ್ರೋಲಿಗೆ ಹಾಕಿ ಓಡಿಸಿ. ಎರಡರಲ್ಲೂ ನಿಂತರೆ ಕರೆಂಟ್ ದೋಷ, ಒಂದರಲ್ಲಿ ಮಾತ್ರವಾದರೆ ಆ ಇಂಧನದ ದಾರಿಯದು. ದ್ರವ ಎಲ್‌ಪಿಜಿಯನ್ನು ಅನಿಲವಾಗಿಸುವ ವೇಪೊರೈಸರಿಗೆ ಶಾಖ ಸಿಗುವುದು ರೇಡಿಯೇಟರಿನ ಬಿಸಿ ನೀರಿನಿಂದ. ನೀರು ಕಡಿಮೆಯಿದ್ದರೆ ಅದು ಹೆಪ್ಪುಗಟ್ಟಿ ಹೊರಮೈಯಲ್ಲಿ ಬಿಳಿ ಹಿಮ ಕೂರುತ್ತದೆ, ಎಂಜಿನ್ ನಿಲ್ಲುತ್ತದೆ. ಬಿಸಿಯಾದ ಎಂಜಿನ್ನಿನ ಪಕ್ಕದಲ್ಲಿ ಹಿಮ ಕಂಡರೆ ಗ್ಯಾಸ್ ಕಿಟ್ಟನ್ನು ಬೈಯುವ ಮೊದಲು ರೇಡಿಯೇಟರ್ ನೀರು ನೋಡಿ.

ರಿಪೇರಿಯಲ್ಲಿ ಪಾಲಿಸಬೇಕಾದ ಶಿಸ್ತು ದೊಡ್ಡದೇನಲ್ಲ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಪಾರ್ಟುಗಳು ಕೊನೆಗೆ. ಒಂದು ಸಲಕ್ಕೆ ಒಂದೇ ಪಾರ್ಟು ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಮೆಕ್ಯಾನಿಕ್ಕಿಗೂ ತಿಳಿಯುವುದಿಲ್ಲ. ತೆಗೆದ ಪಾರ್ಟನ್ನು ಮನೆಗೆ ತನ್ನಿ. ಹೊಸದು ಹಾಕಿದರೂ ಗಾಡಿ ನಿಂತರೆ ಹಳೆಯದು ಒಳ್ಳೆಯದೇ ಇತ್ತು ಎಂದಾಯಿತು, ಸ್ಪೇರ್ ಆಗಿ ಉಳಿಯುತ್ತದೆ. ಮೆಕ್ಯಾನಿಕ್ಕಿಗೆ ಹುಡುಕುವ ಹೊತ್ತಿನ ಕೂಲಿ ಕೊಡಲು ಹಿಂದೆಮುಂದೆ ನೋಡಬೇಡಿ. ಪಾರ್ಟಿಗೆ ಸಾವಿರಗಟ್ಟಲೆ ಕೊಡುವ ನಾವು ಎರಡು ಗಂಟೆ ತಲೆ ಓಡಿಸಿದ್ದಕ್ಕೆ ಇನ್ನೂರು ಕೊಡಲು ಚೌಕಾಸಿ ಮಾಡುತ್ತೇವೆ. ಅಂದಾಜಿನ ರಿಪೇರಿ ಬೆಳೆದಿರುವುದಕ್ಕೆ ಈ ಚೌಕಾಸಿಯೂ ಒಂದು ಕಾರಣ.

ಓಡುವಾಗ ಎಂಜಿನ್ ನಿಂತರೆ ಚಾವಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಬೇಡಿ, ಸ್ಟೇರಿಂಗ್ ಲಾಕ್ ಆದೀತು. ಬ್ರೇಕನ್ನು ಪದೇ ಪದೇ ಒತ್ತಿ ಬಿಡಬೇಡಿ. ಬೂಸ್ಟರಿನಲ್ಲಿ ಉಳಿದಿರುವ ಬಲ ಒಂದೆರಡು ಸಲಕ್ಕಷ್ಟೇ ಸಾಲುತ್ತದೆ. ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿದು ಪಕ್ಕಕ್ಕೆ ತನ್ನಿ. ಸೀಟಿನಡಿ ಪೆಟ್ರೋಲ್ ವಾಸನೆ ಬಂದರೆ ಎಲ್ಲರನ್ನೂ ಇಳಿಸಿದ ಮೇಲೆ ಮುಂದಿನ ಮಾತು.

ಸ್ಕೂಲ್ ವ್ಯಾನ್ ಮತ್ತು ಆಂಬುಲೆನ್ಸ್ ಓಡಿಸುವವರಲ್ಲಿ ಒಂದು ಕೋರಿಕೆ. ‘ಈಗ ಸರಿಯಾಗಿದೆ, ಎರಡು ದಿನದಿಂದ ನಿಂತಿಲ್ಲ’ ಎಂಬುದು ಬಂದು ಹೋಗುವ ದೋಷದ ವಿಷಯದಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ. ಏಕೆ ನಿಲ್ಲುತ್ತಿತ್ತು ಎಂದು ಕೈಯಲ್ಲಿ ಹಿಡಿದು ತೋರಿಸುವ ಕಾರಣ ಸಿಗುವವರೆಗೆ ಆ ಗಾಡಿಯಲ್ಲಿ ಮಕ್ಕಳನ್ನಾಗಲಿ ರೋಗಿಯನ್ನಾಗಲಿ ಕೂರಿಸಬೇಡಿ.